ವಾಪಸ್ ಬಂದ ಕಂಬಳಿ

ತಾಳ್ಯದ ಸುತ್ತಲಿನ ಹಟ್ಟಿಗಳಿಗೆ ಮೂವತ್ತು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವನು ನಾನು. ಮಸಣದ ಪಕ್ಕದ ದಾರಿ, ಹಾಳುಬಾವಿಯ ದಾರಿ, ಎಲ್ಲದರಲ್ಲೂ ಹೊತ್ತು ಮುಳುಗಿದ ಮೇಲೆ ಒಬ್ಬನೇ ಬಂದಿದ್ದೇನೆ. ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕೂಗಿದರು ಎಂದು ಜನ ಹೇಳುವಾಗ ನನಗೆ ನಗು ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಸಣ್ಣ ಜಂಬವೂ ಇತ್ತೆನ್ನಿ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಆದರೆ ಇದರಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ಮಾತ್ರ ನಂಬಿ.

ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬುವ ಹೊತ್ತಿಗೆ, ಯುದ್ಧದಲ್ಲಿ ಸತ್ತ ನಮ್ಮ ಕುರುಬರ ಹಟ್ಟಿಗಳ ಹುಡುಗರ ಹೆಸರು ಕೆತ್ತಿಸಿ ನಮ್ಮೂರ ಶಾಲೆಯ ಮುಂದೆ ಒಂದು ಕಲ್ಲು ನಿಲ್ಲಿಸಬೇಕೆಂದು ಹಿರಿಯರು ತೀರ್ಮಾನಿಸಿದರು. ನಾನು ಆಗಷ್ಟೇ ನಿವೃತ್ತನಾಗಿದ್ದೆ. ಎಲ್ಲ ಮನೆಗಳನ್ನೂ ಬಲ್ಲವನೆಂದು ಹೆಸರು ಕೂಡಿಸುವ ಕೆಲಸ ನನಗೇ ಬಂತು. ಹೆಸರಿನ ಜೊತೆಗೆ ಇನ್ನೊಂದನ್ನೂ ತರಬೇಕಿತ್ತು. ದೂರದಲ್ಲಿ ಸತ್ತು, ಹೆಣವೂ ಊರಿಗೆ ಬಾರದಿದ್ದರೆ, ನಮ್ಮಲ್ಲಿ ಅವನ ಕಂಬಳಿಯನ್ನು ಮಣ್ಣು ಮಾಡುತ್ತಾರೆ. ಕಂಬಳಿ ಮಣ್ಣಿಗೆ ಹೋದರೆ ಮನುಷ್ಯನೇ ಹೋದ ಹಾಗೆ. ಆ ಹುಡುಗರಿಗೆ ಅದೂ ಆಗಿರಲಿಲ್ಲ. ಕಲ್ಲಿನ ಬುಡದಲ್ಲಿ ಒಬ್ಬೊಬ್ಬನ ಕಂಬಳಿಯನ್ನೂ ಇಡಬೇಕೆಂದು ಹಿರಿಯರು ಹೇಳಿದರು.

ಹೊಸದುರ್ಗ, ಹಿರಿಯೂರು ಎಂದು ಅಲೆದು, ಚದುರಿ ಹೋಗಿದ್ದ ಬಂಧುಗಳನ್ನು ಹುಡುಕಿದೆ. ಮಾರಿಕಣಿವೆ ಅಣೆಕಟ್ಟೆಯ ಕೆಳಗೆ ನೀರುಗಂಟಿಯಾಗಿದ್ದ ಒಬ್ಬ ಮುದುಕ, ಮಗನ ಕಂಬಳಿಯನ್ನು ಕೊಡುವ ಮುಂಚೆ ಅರ್ಧ ತಾಸು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹೀಗೆ ಐದು ಕಂಬಳಿ ಸಿಕ್ಕಿದವು. ಆರನೆಯದು ಮಾಳಮ್ಮನ ಮನೆಯಲ್ಲಿತ್ತು.

ಮಾಳಮ್ಮ ದೂರದ ಸಂಬಂಧದಲ್ಲಿ ನನಗೆ ದೊಡ್ಡವ್ವ. ಒಬ್ಬನೇ ಮಗ, ಬೀರಲಿಂಗ. ಎಪ್ಪತ್ತೊಂದರ ಯುದ್ಧಕ್ಕೆ ಹೋದವನು ಬರಲಿಲ್ಲ. ಮೊದಲು ಬಂದ ಕಾಗದದಲ್ಲಿ ಕಾಣೆಯಾಗಿದ್ದಾನೆ ಎಂದಿತ್ತು. ಬಹಳ ದಿನದ ಮೇಲೆ ಬಂದದ್ದರಲ್ಲಿ, ಸತ್ತಿದ್ದಾನೆಂದೇ ತಿಳಿಯಬೇಕು ಎಂದಿತ್ತು. ಎರಡನ್ನೂ ಬಟವಾಡೆ ಮಾಡಿದವನು, ಓದಿ ಹೇಳಿದವನು ನಾನೇ. ಎರಡನೆಯದಕ್ಕೆ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಮೊದಲನೆಯದನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು ತಿಂಗಳಿಗೊಮ್ಮೆ ನನ್ನ ಸೈಕಲ್ಲಿಗೆ ಅಡ್ಡ ನಿಲ್ಲುತ್ತಿದ್ದಳು.

“ಓದಪ್ಪ ಟಪಾಲು.”

ಓದುತ್ತಿದ್ದೆ.

“ಕಾಣೆಯಾಗ್ಯಾನೆ ಅಂತ ತಾನೆ ಬರ್ದಿರದು? ಕುರಿ ಕಾಣೆಯಾದ್ರೆ ಸತ್ತೋತು ಅಂತೀವೇನ್ಲೇ? ತೊಗಲು ಸಿಗಾ ಗಂಟ ಹುಡುಕ್ತೀವಿ.”

ಆ ಕಂಬಳಿ ಕೇಳಲು ನಾನು ಹೋಗಬಾರದಿತ್ತು. ಐದೇ ಹೆಸರು ಸಾಕು ಎಂದಿದ್ದರೆ ಹಿರಿಯರು ಒಪ್ಪುತ್ತಿದ್ದರು. ಆದರೆ ಪಟ್ಟಿ ಪೂರ್ತಿಯಾಗಬೇಕೆಂಬ ಹಟ ನನಗೆ. ಸತ್ತವರ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಹೆಸರು ಕೂಡಿಸಿದವನೆಂದು ನನ್ನ ಹೆಸರನ್ನೂ ಕೆತ್ತುವುದಿತ್ತು. ಇದನ್ನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ.

ನಾನು ಹೋದಾಗ ಅವಳು ಜಗುಲಿಯಲ್ಲಿ ಕುಳಿತು ಉಣ್ಣೆ ಹಿಂಜುತ್ತಿದ್ದಳು. “ಏನಪ್ಪ ಟಪಾಲು, ನಡ್ಕಂಡು ಬಂದೀಯ? ಸರ್ಕಾರ ಸೈಕಲ್ ಕಿತ್ಕಂತಾ?” ಎಂದು ನಕ್ಕಳು.

“ದೊಡ್ಡವ್ವ, ಬೀರಲಿಂಗನ ಕಂಬಳಿ ಐತಲ್ಲ, ಅದು ಬೇಕಾಗಿತ್ತು.”

“ಯಾತಕ್ಕೆ?”

ನಿಜ ನಾಲಿಗೆಯ ತುದಿಗೆ ಬಂದಿತ್ತು. ಅವಳ ಕೈ ಉಣ್ಣೆಯಲ್ಲೇ ನಿಂತುಬಿಟ್ಟಿತ್ತು. ಅದನ್ನು ನೋಡಿ ಧೈರ್ಯ ಸಾಲದೆ, “ಮಿಲಿಟ್ರಿಯೋರು ಕೇಳ್ಯಾರೆ. ಅವನಿಗೆ ತಲುಪಿಸಾಕೆ” ಎಂದುಬಿಟ್ಟೆ.

“ಸಿಕ್ಕಾನೇನ್ಲೇ?”

“ಸಿಗ್ತಾನೆ ದೊಡ್ಡವ್ವ.”

ಅವಳು ಅಳಲಿಲ್ಲ. ಒಳಗೆ ಹೋಗಿ, ಗಳುವಿನ ಮೇಲಿದ್ದ ಕರಿಕಂಬಳಿಯನ್ನು ತಂದು ಕೊಡವಿದಳು. ಅದರ ಅಂಚಿನಲ್ಲಿ ಎರಡು ಕಡೆ ಬೆಂಕಿಯ ಕಿಡಿ ಹಾರಿ ತೂತಾಗಿತ್ತು. ಅವನು ಕುರಿ ಕಾಯುವಾಗ ಆದದ್ದಂತೆ. ಅವಳೇ ಬಿಳಿ ಉಣ್ಣೆಯಿಂದ ಹೆಣೆದು ಮುಚ್ಚಿದ್ದಳು.

“ವರ್ಷಾ ವರ್ಷ ಬಿಸ್ಲಿಗೆ ಹಾಕೀನಿ, ನುಸಿ ಹಿಡ್ದಿಲ್ಲ. ಅಲ್ಲಿ ಚಳಿ ಬಾಳ ಅಂತಾರೆ. ನೀನೇ ಕೈಯಾರೆ ತಲುಪಿಸ್ಬೇಕು, ಇನ್ಯಾರ್ ಕೈಗೂ ಕೊಡಬ್ಯಾಡ.”

ಕೈಯಾರೆ ತಲುಪಿಸುತ್ತೇನೆ ಎಂದು ಮಾತು ಕೊಟ್ಟೆ.

ಆಗಸ್ಟ್ ಹದಿನೈದಕ್ಕೆ ನಾಲ್ಕು ದಿನ ಮುಂಚೆ ಆರು ಕಂಬಳಿಗಳನ್ನೂ ಅರಿಶಿನದ ಭಂಡಾರ ಹಚ್ಚಿ ಗುಂಡಿಯಲ್ಲಿಟ್ಟೆವು. ಬೀರಲಿಂಗನದನ್ನು ನಾನೇ ಇಟ್ಟೆ. ಮಾತು ಉಳಿಸಿಕೊಂಡೆನೆಂದು ಮನಸ್ಸಿಗೆ ಸುಳ್ಳು ಹೇಳಿಕೊಂಡೆ. ಮೇಲೆ ಮಣ್ಣು ತುಂಬಿದರು. ಗಾರೆಯವನು ನನ್ನ ಕಣ್ಣೆದುರಿಗೇ ಕಾಂಕ್ರೀಟು ಹಾಕಿ ಕಲ್ಲು ನಿಲ್ಲಿಸಿದ. ಮಾಳಮ್ಮನಿಗೆ ಏನೂ ತಿಳಿಸಬೇಡಿ, ವಯಸ್ಸಾಗಿದೆ ಎಂದು ಎಲ್ಲರಿಗೂ ಹೇಳಿದೆ.

ಹದಿನೈದರಂದು ಬಾವುಟ ಏರಿಸಿದರು, ಹೆಸರು ಓದಿದರು. ಕೊನೆಗೆ ನನ್ನ ಹೆಸರಿಗೂ ಚಪ್ಪಾಳೆ ಬಿತ್ತು. ಮಧ್ಯಾಹ್ನ ಒಂದಿಷ್ಟು ಬೂಂದಿ ಕಟ್ಟಿಸಿಕೊಂಡು ಮಾಳಮ್ಮನ ಹಟ್ಟಿಗೆ ಹೊರಟೆ. ಮೋಡ ಹರಿದು ಬಿಸಿಲು ಬಂದಿತ್ತು. ಅವಳ ಮನೆ ಇನ್ನೂ ಹತ್ತು ಮಾರು ದೂರವಿರುವಾಗಲೇ, ಮುಂದಿನ ಬೇಲಿಯ ಮೇಲೆ ಕರಿಕಂಬಳಿಯೊಂದು ಹರವಿದ್ದು ಕಂಡಿತು. ಹಟ್ಟಿಯಲ್ಲಿ ಯಾವ ಬೇಲಿಯ ಮೇಲೆ ತಾನೇ ಕಂಬಳಿ ಇರುವುದಿಲ್ಲ ಎಂದುಕೊಂಡೇ ಹತ್ತಿರ ಹೋದೆ. ಅಂಚಿನಲ್ಲಿ ಎರಡು ಕಡೆ ಬಿಳಿ ಉಣ್ಣೆಯ ಹೆಣಿಗೆ. ಹೆಣಿಗೆಯ ಸಂದಿನಲ್ಲಿ ಇನ್ನೂ ಅಂಟಿಕೊಂಡಿದ್ದ ಕಪ್ಪು ಎರೆಮಣ್ಣು. ಆ ಹಟ್ಟಿಯದು ಕೆಂಪು ನೆಲ. ಎರೆ ಇದ್ದದ್ದು ನಮ್ಮ ಶಾಲೆಯ ಅಂಗಳದಲ್ಲಿ.

“ಮುಟ್ಟಬ್ಯಾಡಪ್ಪ, ಹಸಿ ಐತೆ” ಎಂದಳು ಮಾಳಮ್ಮ ಜಗುಲಿಯಿಂದ.

“ಎಲ್ಲಿಂದ ಬಂತು ದೊಡ್ಡವ್ವ ಇದು?”

“ಬೆಳಿಗ್ಗೆ ಬಾಗ್ಲು ತೆಗುದ್ರೆ ಹೊಸ್ತಿಲ ಮುಂದಿತ್ತು, ಮಡಿಚಿಟ್ಟಂಗೆ. ತುಂಬಾ ಮಣ್ಣು. ತೊಳ್ದು ಹಾಕೀನಿ.” ಕಂಬಳಿಯ ಕಡೆಗೇ ನೋಡುತ್ತ ಕೇಳಿದಳು: “ಕಾಗ್ದ ಕೊಡಾಕೆ ಹೋದಾಗ ಆ ಮನ್ಯಾಗೆ ಆಸಾಮಿ ಇಲ್ದಿದ್ರೆ ಏನ್ ಮಾಡ್ತಿದ್ದೆ ನೀನು?”

“ಕಳಿಸಿದೋರಿಗೆ ವಾಪಸ್ ಕಳಿಸ್ತಿದ್ವಿ.”

“ಇದೂ ಹಂಗೇಯ. ನೀನು ಎಲ್ಲಿ ಒಯ್ದು ಕೊಟ್ಯೋ, ಅಲ್ಲಿ ನನ್ ಮಗ ಇಲ್ಲ.”

ನಾನು ಬೂಂದಿಯ ಪೊಟ್ಟಣ ಹಿಡಿದುಕೊಂಡೇ ನಿಂತಿದ್ದೆ. ಅವಳು ಎದ್ದು ಬಂದು ನನ್ನ ಮುಂಗೈ ಸವರಿದಳು.

“ನಿಂದೇನೂ ತಪ್ಪಿಲ್ಲ ಬಿಡು. ವಿಳಾಸ ತಪ್ಪಾಗಿತ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಎಲ್ಲ ತಿಳಿದಿತ್ತೋ, ಏನೂ ತಿಳಿಯದೆ ಹಾಗೆಂದಳೋ, ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅಲ್ಲಿಂದ ನೇರ ಶಾಲೆಗೆ ಬಂದೆ. ಕಲ್ಲಿನ ಮೇಲೆ ಹಾರಗಳು ಹಾಗೆಯೇ ಇದ್ದವು. ಕಾಂಕ್ರೀಟಿನಲ್ಲಿ ಕೂದಲೆಳೆಯ ಬಿರುಕೂ ಇರಲಿಲ್ಲ. ಗಾರೆಯವನನ್ನು ಹುಡುಕಿ, ಯಾರಾದರೂ ಅಗೆದರೇ ಎಂದು ಕೇಳಿದೆ.

“ಏನ್ ಯಜಮಾನ್ರೆ, ಬಿಸ್ಲು ಹೊಡೀತಾ? ಅದನ್ನ ಒಡೆದ್ರೆ ಸುತ್ತಿಗೆ ಸದ್ದು ಹೊಳಲ್ಕೆರೆಗೆ ಕೇಳ್ತತೆ” ಎಂದ.

ಮಿಕ್ಕ ಐದು ಮನೆಗಳಿಗೂ ಏನೋ ನೆಪ ಹೇಳಿಕೊಂಡು ಹೋಗಿ ಬಂದೆ. ಯಾರ ಮನೆಗೂ ಯಾವುದೂ ವಾಪಸ್ ಬಂದಿರಲಿಲ್ಲ. ಬೀರಲಿಂಗನ ಹೆಸರನ್ನು ಕಲ್ಲಿನಿಂದ ಅಳಿಸಿ ಎಂದು ಹಿರಿಯರನ್ನು ಬೇಡಿಕೊಂಡೆ. ಕಾರಣ ಕೇಳಿದರು. ಹೇಳುವ ಧೈರ್ಯ ಬರಲಿಲ್ಲ. ಹೆಸರು ಇವತ್ತಿಗೂ ಅಲ್ಲಿದೆ. ಅದರ ಕೆಳಗೆ ನನ್ನದೂ ಇದೆ.

ಮಾರನೆಯ ವರ್ಷ ಮಾಳಮ್ಮ ತೀರಿಕೊಂಡಳು. ಗುಣಿಗೆ ಅವಳ ಜೊತೆ ಆ ಕಂಬಳಿಯನ್ನೂ ಹಾಕೋಣವೆಂದರೆ ಪಕ್ಕದ ಮನೆಯವರು ಬೇಡವೆಂದರು. ಅವಳೇ ಹೇಳಿ ಹೋಗಿದ್ದಳಂತೆ: “ಬೀರ ಬಂದ್ರೆ ಹೊದ್ಕಣಾಕೆ ಬೇಕು. ಟಪಾಲಪ್ಪನ ಕೈಲಿ ಕೊಡ್ರಿ.”

ಅದು ಈಗ ನನ್ನ ಟ್ರಂಕಿನಲ್ಲಿದೆ. ಕಲ್ಲಿನ ಬುಡ ಅಗೆಸಿ ನೋಡಬಹುದಿತ್ತು. ಅಲ್ಲಿ ಐದೇ ಇದ್ದರೆ ಏನು ಹೇಳಲಿ? ಆರೂ ಇದ್ದರೆ, ಈ ಟ್ರಂಕಿನಲ್ಲಿರುವುದನ್ನು ಏನೆನ್ನಲಿ? ಎರಡಕ್ಕೂ ಹೆದರಿ ಇಷ್ಟು ವರ್ಷ ಸುಮ್ಮನಿದ್ದೇನೆ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅದನ್ನು ಬಿಸಿಲಿಗೆ ಹಾಕುತ್ತೇನೆ, ಸಂಜೆ ಮಡಿಚಿ ಇಡುತ್ತೇನೆ. ನುಸಿ ಹಿಡಿದಿಲ್ಲ. ಕೈಯಾರೆ ತಲುಪಿಸುತ್ತೇನೆಂದು ಮಾತು ಕೊಟ್ಟವನು ನಾನು. ನನಗೀಗ ಎಂಬತ್ತು ದಾಟಿದೆ. ವಿಳಾಸ ಇನ್ನೂ ಸಿಕ್ಕಿಲ್ಲ.