ನಾನೇ ತೆಗೆದುಹಾಕಿದ್ದ ದನಿ

ಹೋದ ವರ್ಷ ದಸರಾ ರಜೆಗೆ ಇನ್ನೊಂದು ವಾರವಿತ್ತು. ಬೈಲಹೊಂಗಲದ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿದ್ದಾಗ ಸವದತ್ತಿ, ರಾಮದುರ್ಗ ಎನ್ನದೆ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ಹೋಗಿ ಬಹುಮಾನ ಹೊಡೆದುಕೊಂಡು ಬರುತ್ತಿದ್ದವಳು ನಾನು. ಪುರಾವೆ ಇಲ್ಲದೆ ಯಾರ ಮಾತನ್ನೂ ಒಪ್ಪುವವಳಲ್ಲ. ಈಗಲೂ ಅಷ್ಟೇ.

ಕೇಂದ್ರಕ್ಕೆ ಟೈಪಿಂಗ್ ಕಲಿಸುವವರೊಬ್ಬರು ಬೇಕಾಗಿದ್ದರು. ಅರ್ಜಿ ಹಾಕಿದವರಲ್ಲಿ ಸಂಪಗಾಂವದ ಸುಜಾತಾ ಎಂಬವರಿದ್ದರು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕೇಂದ್ರದ ಮುಖ್ಯಸ್ಥರಾದ ಪಾಟೀಲ ಸರ್ ಆ ಅರ್ಜಿಯನ್ನು ನನ್ನ ಮುಂದಿಟ್ಟು, "ಏನಂತಿ ರೇಖಾ?" ಎಂದರು.

ನಮ್ಮ ಹತ್ತೂ ಕಂಪ್ಯೂಟರುಗಳಲ್ಲಿ ಇದ್ದದ್ದು ಲಿನಕ್ಸ್. ಯಾರು ಬೇಕಾದರೂ ಉಚಿತವಾಗಿ ಹಾಕಿಕೊಂಡು, ಬೇಕಾದಂತೆ ತಿದ್ದಿಕೊಳ್ಳಬಹುದಾದ ವ್ಯವಸ್ಥೆ ಅದು. ನಾನು ತಡಮಾಡದೆ ಉತ್ತರ ಕೊಟ್ಟೆ. "ಸರ್, ಕಣ್ಣು ಕಾಣದವ್ರಿಗೆ ಪರದೆ ಮ್ಯಾಲಿಂದು ಓದಿ ಹೇಳೋ ಸ್ಕ್ರೀನ್ ರೀಡರ್ ಬೇಕು. ಪುಕ್ಕಟೆ ಸಿಗೋದ್ರಾಗ ಅದು ನೆಟ್ಟಗ ನಡಿಯಂಗಿಲ್ಲ. ಕರುಣಾ ತೋರ್ಸಿ ಕೆಲಸ ಕೊಟ್ರ ಹುಡುಗರಿಗೇ ನಷ್ಟ."

"ಮೊದಲ ಕರದು ನೋಡೂಣು. ಆಮ್ಯಾಲ ನಿನ್ನ ಭಾಷಣ," ಎಂದರು ಸರ್.

ಸೋಮವಾರ ಸುಜಾತಾ ಒಬ್ಬರೇ ಬಸ್ಸಿನಲ್ಲಿ ಬಂದರು. ಬಿಳಿ ಕೋಲು ಮಡಚಿ ಚೀಲಕ್ಕೆ ಹಾಕಿಕೊಂಡು, "ಯಾವ ಸಿಸ್ಟಮ್ ಐತ್ರಿ?" ಎಂದು ಕೇಳಿದರು. ಲಿನಕ್ಸ್ ಎಂದೆ.

"ಚಲೋ ಆತು. ನಮ್ಮ ಮನ್ಯಾಗೂ ಅದ ಐತಿ. ಮೂರು ಕೀಲಿ ಕೂಡಿಸಿ ಒತ್ತಿದ್ರ ಮಾತಾಡತೈತಿ ನೋಡ್ರಿ."

ಒತ್ತಿದರು. ಕಂಪ್ಯೂಟರ್ ಮಾತಾಡಲಿಲ್ಲ. ಮತ್ತೊಮ್ಮೆ ಒತ್ತಿದರು, ಇಲ್ಲ. ಪಕ್ಕದ ಕಂಪ್ಯೂಟರಿಗೆ ಹೋಗಿ ಕುಳಿತರು. ಅದೂ ತುಟಿ ಬಿಚ್ಚಲಿಲ್ಲ. ನಾನು ಸರ್ ಕಡೆ ತಿರುಗಿ, "ನೋಡಿದ್ರೆಲ್ಲ?" ಎಂದೆ. ನಿಜ ಹೇಳಬೇಕೆಂದರೆ, ಆಗ ನನಗೆ ಖುಷಿಯೇ ಆಗಿತ್ತು. ಸರ್ ಅರ್ಜಿಯನ್ನು ಮಡಚತೊಡಗಿದರು.

ಸುಜಾತಾ ಗಾಬರಿಯಾಗಲಿಲ್ಲ. "ಮೇಡಂ, ಒಂದು ಹಾಡು ಹಚ್ರಿ," ಎಂದರು. ಹಚ್ಚಿದೆ. ಜೋರಾಗಿ ಕೇಳಿಸಿತು.

"ಸ್ಪೀಕರ್ ಸರಿ ಐತಿ. ಅಂದ್ರ ಓದಿ ಹೇಳೋ ರೀಡರ ಇಲ್ಲಿಲ್ಲ. ಲಿನಕ್ಸ್ ಹಾಕೋ ಮುಂದ ಅದೂ ಜೋಡಿನ ಬರತೈತ್ರಿ. ಎರಡರಾಗೂ ತಾನ ಎದ್ದು ಹೋಗಾಕ ಅದಕ್ಕೇನು ಕಾಲು ಅದಾವ? ಯಾರರ ತಗದಾರೇನು?"

ಆಗ ನನಗೆ ನೆನಪಾಯಿತು. ಎರಡು ತಿಂಗಳ ಹಿಂದೆ ಕಂಪ್ಯೂಟರುಗಳು ಬಹಳ ನಿಧಾನವಾಗಿದ್ದವು. ಅವುಗಳನ್ನು ಹಗುರ ಮಾಡಲು ನಾನು 'ಬೇಡವಾದವು' ಎಂದೊಂದು ಪಟ್ಟಿ ಬರೆದು, ಹತ್ತರಿಂದಲೂ ಕಿತ್ತುಹಾಕಿದ್ದೆ. ಆಟಗಳು ಹೋದವು. ಅವುಗಳ ಜೊತೆಗೆ ಸ್ಕ್ರೀನ್ ರೀಡರೂ ಅದರ ದನಿಯೂ ಹೋದವು. ಇಲ್ಲಿ ಅದು ಯಾರಿಗೆ ಬೇಕು ಅಂದುಕೊಂಡಿದ್ದೆ. ಆ ಪಟ್ಟಿ ನನ್ನದೇ ಅಕ್ಷರದಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸುಮ್ಮನಿದ್ದಿದ್ದರೆ ವಾದ ನಾನೇ ಗೆಲ್ಲುತ್ತಿದ್ದೆ. ಅವರು ಮುಂದಿನ ಬಸ್ಸಿಗೆ ಸಂಪಗಾಂವಕ್ಕೆ ವಾಪಸ್ಸಾಗುತ್ತಿದ್ದರು. ಆದರೆ ಪುರಾವೆಯನ್ನು ನಾನೇ ಅಳಿಸಿ, ಪುರಾವೆ ಎಲ್ಲಿ ಎಂದು ಕೇಳಿದ ಹಾಗಾಗಿತ್ತು. ಅಂಥ ಗೆಲುವನ್ನು ಇಟ್ಟುಕೊಂಡು ಏನು ಮಾಡಲಿ?

"ಸರ್, ತಗದಾಕಿ ನಾನ," ಎಂದೆ.

ಸುಜಾತಾ ನಕ್ಕುಬಿಟ್ಟರು. "ಏನ ತಂಗಿ, ನಾಲಿಗಿ ನೀನ ಕಿತ್ತು, ಮಾತಾಡವಲ್ದು ಅಂತ ಅದರ ಮ್ಯಾಲ ಚಾಡಿ ಹೇಳಾಕ ಹತ್ತಿದ್ದೆ?"

"ಇದಕ್ಕ ಚರ್ಚಾದಾಗ ಎಷ್ಟು ಮಾರ್ಕ್ಸ್ ಕೊಡತಾರ?" ಎಂದರು ಸರ್. ಮಡಚಿದ ಅರ್ಜಿಯನ್ನು ಮತ್ತೆ ಬಿಚ್ಚಿದರು.

ನನ್ನ ಮೊಬೈಲಿನ ನೆಟ್ ಕೊಟ್ಟು ಸ್ಕ್ರೀನ್ ರೀಡರನ್ನೂ ಅದರ ದನಿಯನ್ನೂ ಮತ್ತೆ ಹಾಕಿದೆ. ಸುಜಾತಾ ಮೂರು ಕೀಲಿ ಒತ್ತಿದರು. ತಗಡು ಬಡಿದಂಥ ದನಿಯಲ್ಲಿ ಕಂಪ್ಯೂಟರ್ ಓದತೊಡಗಿತು. ಸರ್ ಹೇಳಿದ ಪತ್ರವನ್ನು ಅವರು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದರು.

ನಾನು ಅಷ್ಟಕ್ಕೇ ಬಿಡುವವಳೇ? "ಟೈಪ್ ಮಾಡೋದು ಬ್ಯಾರೆ, ಕಲಿಸೋದು ಬ್ಯಾರೆ. ಹುಡುಗರ ಬೆರಳು ತಪ್ಪಿದ್ರ ನಿಮಗ ಹೆಂಗ ತಿಳೀತೈತ್ರಿ?" ಎಂದೆ.

"ನೀನ ಕುಂದ್ರು. ಒಂದು ಸಾಲು ಬಡಿ."

ಬಡಿದೆ. ಅವರು ತಲೆ ವಾಲಿಸಿ ಕೇಳಿಸಿಕೊಂಡರು. "ಎಡಗೈ ಕಿರುಬೆರಳು ದುಡಿಯವಲ್ದು. ಅದರ ಪಾಲಿನ 'ಎ' ಕೀಲಿ ಬಂದಾಗೊಮ್ಮೆ ತಡ ಆಗತೈತಿ. ಬ್ಯಾರೆ ಬೆರಳು ಓಡಿ ಬರಾಕ ಹತ್ತೇತಿ."

ನನಗೆ ಟೈಪಿಂಗ್ ಕಲಿಸಿದವರು ಕಣ್ಣಿದ್ದೂ ಹಿಡಿಯದ ತಪ್ಪು ಅದು.

ಲಿನಕ್ಸನ್ನು ಅವರು ಹೊಗಳಿ ಅಟ್ಟಕ್ಕೇರಿಸಲಿಲ್ಲ. "ಕೆಲವು ಕಡೆ ಬರೇ ಬಟನ್ ಅಂತೈತಿ, ಯಾವ ಬಟನ್ ಅಂತ ಹೇಳಂಗಿಲ್ಲ. ಮಾಡಿದವ್ರು ಹೆಸರು ಹಚ್ಚಿರಂಗಿಲ್ಲ. ನಾ ಅವ್ರಿಗೆ ಬರದು ಕಳಸತೇನಿ. ಎರಡು ಕಡೆ ಸರಿ ಮಾಡಿ ಕೊಟ್ಟಾರ," ಎಂದರು. ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಸರ್ ಅವತ್ತೇ ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಈಗ ದಿನಾ ಊಟದ ಹೊತ್ತಿಗೆ ನಮ್ಮಿಬ್ಬರದೂ ವಾದ ಇದ್ದೇ ಇರುತ್ತದೆ. ಸಂಶಯಪಡುವುದನ್ನು ನಾನೇನೂ ಬಿಟ್ಟಿಲ್ಲ. ಆದರೆ ಈಗ ನನ್ನ ಕೈಯನ್ನೇ ಮೊದಲು ಸಂಶಯಿಸುತ್ತೇನೆ. ಲ್ಯಾಬಿಗೆ ಯಾವ ಕಂಪ್ಯೂಟರ್ ಬಂದರೂ ಪರದೆ ಆರಿಸಿ, ಆ ಮೂರು ಕೀಲಿ ಒತ್ತಿ ಕಾಯುತ್ತೇನೆ. ಅದು ಮಾತಾಡುವವರೆಗೆ ಸಿದ್ಧವಾಗಿದೆ ಎಂದು ಸಹಿ ಹಾಕುವುದಿಲ್ಲ.