ತಂಬಿಗೆಯ ಮಜ್ಜಿಗೆ, ಹೊಟ್ಟಿನ ಬ್ರೇಕು

ಅವರ ಹುಬ್ಬಿನಲ್ಲಿ ಯಾವಾಗಲೂ ಭತ್ತದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ದಟ್ಟವಾದ ಬಿಳಿ ಹುಬ್ಬು. ಎಷ್ಟು ಕೊಡವಿಕೊಂಡರೂ ಒಂದೆರಡು ಚೂರು ಅಲ್ಲೇ ಬಿಡಾರ ಹೂಡಿರುತ್ತಿದ್ದವು. ಪಾಲಿಟೆಕ್ನಿಕ್ಕಿನಲ್ಲಿ ಅವರು ನಮಗೆ ವರ್ಕ್‌ಶಾಪ್ ಸರ್. ಕಲಘಟಗಿಯ ಅಕ್ಕಿ ಗಿರಣಿಯಿಂದ ಹೊಟ್ಟು, ಆಲೆಮನೆಯಿಂದ ಕಬ್ಬಿನ ಸಿಪ್ಪೆ ಚೀಲಗಟ್ಟಲೆ ತರುತ್ತಿದ್ದರು. ಅದನ್ನು ಪುಡಿ ಮಾಡಿ, ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ತಯಾರಾದ ಅಂಟು ಬೆರೆಸಿ, ಲಾರಿಯ ಹಳೆ ಜಾಕಿನಿಂದ ಅಚ್ಚಿನಲ್ಲಿ ಒತ್ತಿ, ಬೇಯಿಸಿ, ಗಾಡಿಗಳಿಗೆ ಬ್ರೇಕ್ ಪ್ಯಾಡ್ ಮಾಡುತ್ತೇನೆಂದು ಹಟ ಹಿಡಿದಿದ್ದರು. ಪೇಟೆಯ ಪ್ಯಾಡುಗಳ ಕಲ್ನಾರಿನ ಧೂಳು ಎದೆಗಿಳಿದು ಕೆಮ್ಮುವ ಮೆಕ್ಯಾನಿಕ್ಕುಗಳನ್ನು ಅವರು ಬಹಳ ಕಂಡಿದ್ದರು.

ಸ್ಟಾಫ್ ರೂಮಿನಲ್ಲಿ ಇದೊಂದು ಕಾಯಂ ತಮಾಷೆ. "ಹೊಟ್ಟು ಕುಟ್ಟಿದ್ರ ಅಕ್ಕಿ ಬರತೈತೇನ್ರಿ?" ಎಂದು ಯಾರಾದರೂ ಕೆಣಕುವರು.

"ಅಕ್ಕಿ ಯಾರಿಗೆ ಬೇಕಾಗೈತ್ರಿ? ನನಗ ಹೊಟ್ಟ ಬೇಕು," ಎನ್ನುವರು ಸರ್, ಒಂಚೂರೂ ನಗದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾವ ತಂಡವೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ನನ್ನ ನಾಲಗೆ ಸ್ವಲ್ಪ ಉದ್ದ. ಮಾರ್ಗದರ್ಶಕರಾಗಿ ಅವರನ್ನೂ ಯಾರೂ ಆರಿಸಿಕೊಂಡಿರಲಿಲ್ಲ. ಹೀಗೆ ಉಳಿದುಹೋದ ನಾವಿಬ್ಬರು ಒಂದಾದೆವು.

ಕಾಲೇಜಿನ ಯಂತ್ರದ ಮೇಲೆ ಪ್ಯಾಡು ಪಾಸಾದರೂ ಅವರಿಗೆ ಸಮಾಧಾನವಿಲ್ಲ. ಅವರದೇ ಇನ್ನೊಂದು ಪರೀಕ್ಷೆಯಿತ್ತು. ಪ್ಯಾಡನ್ನು ಸ್ಕೂಟರಿನ ಮುಂದಿನ ಚಕ್ರಕ್ಕೆ ಕೂಡಿಸಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಊರಾಚೆಯ ಇಳಿಜಾರಿಗೆ ಹೋಗುವರು. ನಾವು ಕಾಕು ಎನ್ನುತ್ತಿದ್ದ ಆ ತಾಯಿಯ ತೊಡೆಯ ಮೇಲೆ ಅಂಚಿನವರೆಗೆ ಮಜ್ಜಿಗೆ ತುಂಬಿದ ತಂಬಿಗೆ. ಮೇಲಿನಿಂದ ಇಳಿದು ಬಂದು ಬ್ರೇಕ್ ಒತ್ತಿದಾಗ ಮಜ್ಜಿಗೆ ಚೆಲ್ಲಬಾರದು.

"ಬ್ರೇಕಂದ್ರ ಬರೇ ನಿಲ್ಲಿಸೂದಲ್ಲ ಮಗಳ. ಗ್ವಾಡಿಗೆ ಬಡದ್ರೂ ಗಾಡಿ ನಿಲ್ಲತೈತಿ. ಕುಂತಾವ್ರಿಗೆ ತ್ರಾಸ ಆಗಲಾರದಂಗ ನಿಲ್ಲಿಸಬೇಕು," ಎನ್ನುವರು ಸರ್.

ನನ್ನ ಮೊದಲನೆಯ ಪ್ಯಾಡು ಗಪ್ಪನೆ ಹಿಡಿದು, ತಂಬಿಗೆಯ ಮಜ್ಜಿಗೆಯೆಲ್ಲ ಸರ್ ಬೆನ್ನಿಗೆ ಅಭಿಷೇಕವಾಯಿತು. ನಾನು ಅಳುವುದೊಂದು ಬಾಕಿ. ಕಾಕು ಸೆರಗು ಹಿಂಡಿಕೊಳ್ಳುತ್ತ, ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವ ಧಾಟಿಯಲ್ಲಿ, "ಹೊಟ್ಟು ಒಂಚೂರು ಕಡಿಮಿ ಮಾಡವಾ, ಸಿಪ್ಪಿ ಹೆಚ್ಚ ಹಾಕು," ಅಂದರು. ಅವರು ಹೇಳಿದಂತೆಯೇ ಮಾಡಿದೆ. ಮುಂದಿನ ಸಲ ಅರ್ಧ ಉಳಿಯಿತು. ಆಮೇಲೆ ಮುಕ್ಕಾಲು. ಪರೀಕ್ಷೆ ಬರುವ ಹೊತ್ತಿಗೆ ಅಂಚಿನಲ್ಲಿ ಎರಡೇ ಹನಿ ಜಾರುತ್ತಿದ್ದವು. ಆ ಎರಡು ಹನಿಗಾಗಿ ಸರ್ ಇನ್ನೊಮ್ಮೆ ಪ್ಯಾಡು ಮಾಡಿಸಿದರು. ಅದನ್ನು ಓಡಿಸಿ ನೋಡಲು ವೇಳೆಯೇ ಸಿಗಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟಿದ್ದರು. ಪ್ಯಾಡನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿ, "ಇದನ್ನ ಒಲಿಗೆ ಹಾಕ್ರಿ. ಇದಕ್ಕ ಮಾರ್ಕ್ಸ್ ಕೊಡಾಕ ಆಗೂದಿಲ್ಲ," ಅಂದರು. ನನ್ನ ಡಿಪ್ಲೊಮಾ, ಸರ್ ಅವರ ಇಷ್ಟು ವರ್ಷಗಳ ದುಡಿಮೆ, ಎರಡೂ ಅಲ್ಲಿಗೆ ಮುಗಿದವು ಅಂದುಕೊಂಡೆ.

"ಮಾರ್ಕ್ಸ್ ಆಮ್ಯಾಲೆ ನೋಡೂಣ್ರಿ. ಮೊದಲ ಹಿಂದ ಕೂಡ್ರಿ," ಎಂದು ಸರ್ ಮಜ್ಜಿಗೆ ತುಂಬಿದ ತಂಬಿಗೆಯನ್ನು ಪರೀಕ್ಷಕರ ಕೈಗೆ ಕೊಟ್ಟರು. ಹೊಸ ಪ್ಯಾಡನ್ನು ಸ್ಕೂಟರಿಗೆ ಕೂಡಿಸಿದ ಮೇಲೆ ಕೀಲಿಕೈ ನನ್ನ ಕೈಗೆ ಬಂತು. "ಮಾಡಿದಾಕಿನ ಓಡಸಬೇಕು."

ಇಳಿಜಾರಿನ ಬುಡದಲ್ಲಿ ಸುಣ್ಣದ ಗೆರೆ ಎಳೆದು, ಸರ್ ಮತ್ತು ಕಾಕು ಪಕ್ಕದಲ್ಲಿ ನಿಂತಿದ್ದರು. ನಾನು ಬ್ರೇಕ್ ಬಿಟ್ಟು ಗಾಡಿ ಇಳಿಸಿದೆ. ಗೆರೆ ಇನ್ನೂ ದೂರವಿದೆ ಎನ್ನುವಾಗ ಎಮ್ಮೆಯೊಂದು ಸಾವಕಾಶವಾಗಿ ರಸ್ತೆಗೆ ಬಂದು ನನ್ನ ಡಿಪ್ಲೊಮಾಕ್ಕೆ ಅಡ್ಡ ನಿಂತಿತು. ಒತ್ತಿದೆ. ಗಾಡಿ ಮೆತ್ತಗೆ ತಗ್ಗಿ, ಎಮ್ಮೆಯ ಮೂಗಿಗೆ ಒಂದು ಮಾರು ಉಳಿದಿರುವಾಗಲೇ ನಿಂತಿತು. ಹಿಂದೆ ತಿರುಗಲು ನನಗೆ ಧೈರ್ಯವಿಲ್ಲ. ಕೊನೆಗೆ ಗಟಗಟ ಸದ್ದು ಕೇಳಿತು. ಪರೀಕ್ಷಕರು ಮಜ್ಜಿಗೆ ಕುಡಿಯುತ್ತಿದ್ದರು. ಬಿಳಿ ಅಂಗಿಯ ಮೇಲೆ ಒಂದು ಹನಿಯೂ ಇರಲಿಲ್ಲ.

ಇಳಿದವರೇ ಪುಸ್ತಕ ತೆರೆದು, "ಎಷ್ಟ ಹೊಟ್ಟು, ಎಷ್ಟ ಸಿಪ್ಪಿ ಹಾಕೀರಿ?" ಎಂದು ಕೇಳಿದರು.

ಸರ್ ಕಾಕುವಿನ ಕಡೆ ಕೈ ತೋರಿಸಿದರು. "ಅಳತಿ ಆಕಿನ್ನ ಕೇಳ್ರಿ." ಅವತ್ತು ಮಾತ್ರ ಅವರು ನಕ್ಕರು. ಹುಬ್ಬಿನ ಹೊಟ್ಟು ಉದುರುವಷ್ಟು ನಕ್ಕರು.

ಇಂದು ಕಲಘಟಗಿಯಲ್ಲಿ ನನ್ನದೇ ಶೆಡ್ಡಿದೆ. ಅದೇ ಅಳತೆಯಿಂದ ಶುರುವಾದ ಪ್ಯಾಡು ದೊಡ್ಡ ಪ್ರಯೋಗಾಲಯಗಳ ಪರೀಕ್ಷೆಗಳನ್ನು ಗೆದ್ದು ಸ್ಕೂಟರು, ಟೆಂಪೋಗಳಿಗೆ ಹೋಗುತ್ತದೆ. ನನಗೆ ಅನ್ನ ಕೊಟ್ಟದ್ದು ಆ ಹೊಟ್ಟು. ಅದನ್ನು ಹಗುರವಾಗಿ ಕಾಣಬೇಡ ಎಂದು ಕಲಿಸಿದವರು ಸರ್.

ಹೋದ ವರ್ಷ ಸರ್ ತೀರಿಕೊಂಡರು. ಮೀಯಿಸಿ ಮಲಗಿಸಿದ್ದರು, ಹುಬ್ಬು ಸ್ವಚ್ಛವಾಗಿತ್ತು. ಅದು ಅವರ ಮುಖವೇ ಅಲ್ಲವೆನಿಸಿ ಅತ್ತುಬಿಟ್ಟೆ. ಮಣ್ಣು ಮಾಡಲು ಅವರ ಹೊಲಕ್ಕೆ ಒಯ್ಯಲು ನನ್ನ ಶೆಡ್ಡಿನ ಟೆಂಪೋ ತಂದು, ಬೇರೆ ಯಾರಿಗೂ ಕೊಡದೆ ನಾನೇ ಓಡಿಸಿದೆ. ಹಿಂದೆ ಸರ್ ಮಲಗಿದ್ದರು. ಪಕ್ಕದಲ್ಲಿ ಕಾಕು, ತೊಡೆಯ ಮೇಲೆ ಪೂಜೆಯ ನೀರಿನ ತಂಬಿಗೆ. ಅದೇ ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಟೆಂಪೋ ನಿಂತಿತು.

ಕಾಕು ಬಗ್ಗಿ ತಂಬಿಗೆಯೊಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅವರಿಗೆ ಕೇಳೂವಂಗ ಹೇಳವಾ."

ನಾನು ಹಿಂದಕ್ಕೆ ತಿರುಗಿ ಹೇಳಿದೆ: "ಸರ್, ಒಂದ ಹನಿನೂ ಚೆಲ್ಲಿಲ್ರಿ."