ಶೇಂಗಾ ಬುಟ್ಟಿಯ ತಳದಲ್ಲಿ ಜಡ್ಜ್‌ಸಾಹೇಬರು

ನಮ್ಮಜ್ಜ ಮೊದಲು ಜಡ್ಜ್, ಆಮೇಲೆ ರಾಜಕಾರಣಿ. ಒಂದು ಚುನಾವಣೆ ಗೆದ್ದರು, ಒಂದು ಸೋತರು, ಎರಡೂ ಸಲ ಮನೆಯಲ್ಲಿ ಹೋಳಿಗೆ ಮಾಡಿಸಿದರು. ಅವರಿಗಿದ್ದ ಒಂದೇ ಚಟ ಬರೆಯುವುದು. ಬೆಳಿಗ್ಗೆ ಮುಂದಿಟ್ಟ ಚಹಾ ಆರಿ ಹೋಗುವವರೆಗೂ ದಿನಚರಿ ಬರೆಯುತ್ತಿದ್ದರು. ಅದನ್ನೂ ಬಂದ ಪತ್ರಗಳನ್ನೂ ಒಂದು ಕರಿ ಟ್ರಂಕಿನಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿ, ಅಂದರೆ ನಾವೆಲ್ಲ ಆಯಿ ಎಂದು ಕರೆಯುವಾಕೆ, ಅದಕ್ಕೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಯಿಗೆ ಓದಲು ಬರುವುದಿಲ್ಲ. ನಾನು ಚಿಕ್ಕೋಡಿಯಲ್ಲೇ ಶಾಲೆಯ ಟೀಚರ್. ಓದಿ ಹೇಳುತ್ತೇನೆಂದು ಎಷ್ಟು ಗೋಗರೆದರೂ ಟ್ರಂಕ್ ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಕಾರಣ ತಾನೇ ಹೇಳಿದಳು.

"ಊರ ಮಂದಿ ಜಗಳಾ ಎಲ್ಲಾ ಬರದಾರ. ನನ್ನ ಬಗ್ಗೆ ಒಂದಕ್ಷರ ಬರದಾರೋ ಇಲ್ಲೋ, ಯಾರಿಗೆ ಗೊತ್ತು? ಓದಿದ್ರ ಇಲ್ಲಂತ ಗೊತ್ತಾಕ್ಕೈತಿ. ಓದ್ಲಿಲ್ಲಂದ್ರ ಇದ್ರೂ ಇರಬೋದು."

ಈ ವಾದಕ್ಕೆ ಯಾವ ವಕೀಲನೂ ಉತ್ತರ ಕೊಡಲಾರ. ನಾನು ಟ್ರಂಕ್ ಕೇಳುವುದನ್ನೇ ಬಿಟ್ಟೆ.

ಹೋದ ವರ್ಷ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಮನೆಗೆ ಬಂದರು. ಹಳೆಯ ಜಡ್ಜ್‌ಗಳ ಖಾಸಗಿ ಕಾಗದಪತ್ರಗಳನ್ನು ಜೋಪಾನ ಮಾಡುತ್ತಾರಂತೆ, ಅಜ್ಜನಿಗೆಂದು ಗಾಜಿನ ಕಪಾಟೂ ತಯಾರಂತೆ. ಆಯಿ ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ ಅವರನ್ನು ಕರೆಸಿ, ಕೀಲಿ ನನ್ನ ಕೈಗಿಟ್ಟಳು.

"ಮೊದಲ ನನ್ನ ಸುದ್ದಿ ಐತೇನ್ ನೋಡು. ಇರದಿದ್ರ ಇಲ್ಲಂತ ಹೇಳು, ತಡಕೋತೀನಿ."

ಪ್ರಾಧ್ಯಾಪಕರು ಬಿಳಿ ಕೈಗವಸು ಹಾಕಿಕೊಂಡರು. ನಾನು ಊದಿನಕಡ್ಡಿ ಹಚ್ಚಿದೆ. ಟ್ರಂಕ್ ತೆರೆದರೆ ಒಣಗಿದ ಬೇವಿನೆಲೆಯ ಕೆಳಗೆ ಒಪ್ಪವಾಗಿ ಮಡಚಿಟ್ಟ ಹಳೇ ನ್ಯೂಸ್‌ಪೇಪರ್! ತಳದವರೆಗೂ ಅದೇ. ಹನ್ನೆರಡು ವರ್ಷ ಆಯಿ ರದ್ದಿ ಕಾದಿದ್ದಳು.

ನಮ್ಮ ಕಡೆಯ ಹೆಂಗಸರು ರದ್ದಿಯನ್ನು ಸುಮ್ಮನೆ ಬಿಡುವುದಿಲ್ಲ. ಎರಡು ದಿನ ನೆನೆಹಾಕಿ, ಮೆಂತ್ಯ ಸೇರಿಸಿ ಅರೆದು, ಹಳೆಯ ಬಿದಿರು ಬುಟ್ಟಿಗೆ ಮೆತ್ತಿ ಒಣಗಿಸಿದರೆ ಸಾಸಿವೆ ಕಾಳೂ ಸೋರುವುದಿಲ್ಲ. ಅಜ್ಜ ತೀರಿಕೊಂಡ ವರ್ಷ ಆಯಿ ಹಾಗೆ ಮೂರು ಬುಟ್ಟಿ ಮೆತ್ತಿ, ಒಂದನ್ನು ಮಗನಿಗೂ ಒಂದನ್ನು ಮಗಳಿಗೂ ಕೊಟ್ಟಿದ್ದಳು. ಮನೆಯಲ್ಲಿ ರದ್ದಿ ತುಂಬಿಡಲು ಇನ್ನೊಂದು ಟ್ರಂಕ್ ಇತ್ತು, ಅದೂ ಕರಿಯದೇ, ಅದೇ ಅಳತೆಯದೇ. ಸುಣ್ಣ ಬಳಿಯುವಾಗ ಎರಡೂ ಅದಲುಬದಲಾಗಿವೆ. ಆಯಿಯ ಕಣ್ಣಿಗೆ ಆಗ ಪೊರೆ ಬಂದಿತ್ತು. ಬೀಗ ಹಾಕಿದ್ದು ಅದಾದ ಮೇಲೆ.

ಆಯಿ ಹಣೆಗೆ ಕೈ ಹಚ್ಚಿದಳು. "ಅಯ್ಯ ಶಿವನ! ನಿಮ್ಮಜ್ಜನ್ನ ನಾನ ಅರದೀನಲ್ಲವ್ವ!"

ಪ್ರಾಧ್ಯಾಪಕರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಅವರು ಆ ಬಿಳಿ ಕೈಗವಸಿನಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಆಯಿ ಟ್ರಂಕಿನ ಮುಚ್ಚಳ ಹಾಕಿದಳು. "ಇನ್ನ ಗೊತ್ತಾಗೂದ ಇಲ್ಲ" ಎಂದಳು.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಬುಟ್ಟಿಗಳನ್ನಾದರೂ ನೋಡೋಣ ಎಂದೆ. ಮನೆಯಲ್ಲಿದ್ದ ಬುಟ್ಟಿಯ ಜೋಳ ಸುರಿದು ನೋಡಿದೆವು, ಬರೀ ಬೂದುಬಣ್ಣದ ಮೆತ್ತು. ಭಾನುವಾರ ಮೂವರೂ ಬಸ್ ಹತ್ತಿ ಅಕ್ಕೋಳಕ್ಕೆ ಹೋದೆವು. ಅಲ್ಲಿ ಚಿಕ್ಕಪ್ಪನ ಮನೆಯ ಬುಟ್ಟಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಪ್ರಾಧ್ಯಾಪಕರು ಬಹಳ ವಿನಯದಿಂದ ಕೈ ಚಾಚಿದರು, ಅದು ಅಷ್ಟೇ ಜೋರಾಗಿ ಕುಕ್ಕಿತು. "ಸಾಹೇಬರ ಮುಂದ ಸುಮ್ಮ ಕೈ ಮಾಡಬಾರದ್ರಿ" ಎಂದು ಆಯಿ ನಕ್ಕಳು. ಚಿಕ್ಕಪ್ಪ ಕೋಳಿಯನ್ನು ಎತ್ತಿ ಹಿಡಿದುಕೊಂಡರೂ ಒಂದಕ್ಷರವೂ ಕಾಣಲಿಲ್ಲ.

ಮುಂದಿನ ವಾರ ಸತ್ತಿಯಲ್ಲಿರುವ ಸೋದರತ್ತೆಯ ಮನೆಗೆ ಹೋದೆವು. ಉಳಿದದ್ದು ಅದೊಂದೇ ಬುಟ್ಟಿ, ತುಂಬ ಶೇಂಗಾ. ಅತ್ತೆ ಅದನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಅರೆದದ್ದು ಸಾಲದೆ ಆಯಿ ಒಳಗಡೆ ತಳಕ್ಕೆ ಇಡೀ ಹಾಳೆಯೊಂದನ್ನು ಅಂಟಿಸಿಬಿಟ್ಟಿದ್ದಳು. ಬಾಲ್‌ಪೆನ್ನಿನ ಅಕ್ಷರ. ಅಜ್ಜನದೇ! ನಾನು ತಲೆಯನ್ನು ಬುಟ್ಟಿಯೊಳಗೇ ತೂರಿಸಿ ಓದಿದೆ.

"ಏನೈತ್ಯವ್ವ? ಇಲ್ಲ?" ಹೊರಗಿನಿಂದ ಆಯಿ ಕೇಳುತ್ತಿದ್ದಳು.

"ಕಾಗವಾಡದಲ್ಲಿ ಪ್ರಚಾರಸಭೆ. ಭಾಷಣ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಉದ್ದವಾಯಿತು ಎಂದು ಈಕೆ ಹೇಳಿದಳು. ವಿಚಾರ ಮಾಡಿ ನೋಡಿದರೆ ಈಕೆ ಹೇಳಿದ್ದೇ ಸರಿ."

ಆಯಿ ನಾಲ್ಕು ಸಲ ಓದಿಸಿದಳು. ನಾಲ್ಕನೆಯ ಸಲ ಓದಿ ಬುಟ್ಟಿಯಿಂದ ತಲೆ ಹೊರತೆಗೆದೆ. ಆಕೆ ಚಪ್ಪಾಳೆ ತಟ್ಟಿ ಹುಡುಗಿಯಂತೆ ನಗುತ್ತಿದ್ದಳು. "ಎದುರಿಗೆ ಒಂದಿನ ಒಪ್ಪಲಿಲ್ರಿ! ಒಳಗಿಂದೊಳಗ ನನ್ನ ಕಡೆ ತೀರ್ಪ ಬರದಿಟ್ಟಾರ!"

ಬುಟ್ಟಿಯನ್ನು ಗಾಜಿನ ಕಪಾಟಿಗೆ ಕೊಡಬಹುದೇ ಎಂದು ಪ್ರಾಧ್ಯಾಪಕರು ಮೆಲ್ಲಗೆ ಕೇಳಿದರು. "ಪೇಪರ್ ಟ್ರಂಕ್ ಪೂರಾ ಒಯ್ರಿ. ಇದು ಕೊಡಂಗಿಲ್ಲ" ಎಂದಳು ಆಯಿ. ಅಜ್ಜನ ತೀರ್ಪಿಗಾದರೂ ಮೇಲಿನ ಕೋರ್ಟು ಇರುತ್ತಿತ್ತು, ಆಯಿಯದಕ್ಕೆ ಇಲ್ಲ.

ಅಥಣಿಯಲ್ಲಿ ಚಿಕ್ಕೋಡಿ ಬಸ್ ಹತ್ತಿದಾಗ ನೂಕುನುಗ್ಗಲು. ಆಯಿ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿ ಕೂತಿದ್ದಳು. ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದವನು ಒಳಗೆ ಬಗ್ಗಿ ನೋಡಿದ.

"ಖಾಲಿ ಬುಟ್ಟಿ ಇಷ್ಟ್ಯಾಕ ಗಟ್ಟಿ ಹಿಡದೀರಿ ಆಯಿ? ಮ್ಯಾಲ ಇಡ್ರಲಾ."

"ಖಾಲಿ ಇಲ್ಲೋ ಯಪ್ಪಾ," ಎಂದಳು ಆಯಿ, "ಇದರಾಗ ನನ್ನ ಸುದ್ದಿ ಐತಿ."